ನಾಲ್ಕು ಊರಿನ ನೀರು

ನಿವೃತ್ತಿಗೆ ಆರು ತಿಂಗಳು ಉಳಿದಾಗ ನಾನೊಂದು ಉದ್ದನೆಯ ನೋಟ್‌ಬುಕ್ ಕೊಂಡು ತಂದೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದವನು ನಾನು. ಕೆಲಸ ಮುಗಿದ ಮೇಲೆ ಬೀಗದ ಕೈ ಒಪ್ಪಿಸಿ ಹೊರಡಲೇಬೇಕು. ಎಲ್ಲಿಗೆ ಅನ್ನುವುದೊಂದೇ ಗೊತ್ತಿರಲಿಲ್ಲ. ಬರುವ ಇಡಿಗಂಟಿನಲ್ಲಿ ಒಂದು ಸಣ್ಣ ಮನೆ ಆಗಬೇಕು, ಪಿಂಚಣಿಯಲ್ಲಿ ಇಬ್ಬರ ಊಟ, ಔಷಧಿ ನಡೆಯಬೇಕು. ಒಂದು ಸಲ ಕೊಂಡರೆ ಮುಗಿಯಿತು, ಇನ್ನೊಂದು ಸಲ ಕೊಳ್ಳುವ ತಾಕತ್ತು ನಮಗಿಲ್ಲ. ತಪ್ಪು ಊರು ಆರಿಸಿದರೆ ಇಬ್ಬರೂ ಕಡೆತನಕ ಆ ತಪ್ಪಿನೊಳಗೇ ಸಂಸಾರ ಮಾಡಬೇಕು.

ಅದಕ್ಕೇ ನೋಟ್‌ಬುಕ್ಕಿನಲ್ಲಿ ಪಟ್ಟಿಗಳನ್ನು ಎಳೆದೆ. ಊರು, ಮನೆಯ ದರ, ದವಾಖಾನೆ, ಸಂತೆ, ರೈಲು. ಹೆಂಡತಿ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಓದಿದಳು.

"ಎಲ್ಲಾ ಬರದೀರಿ. ಬ್ಯಾಳಿದು ಎಲ್ಲಿ ಅದ?"

"ಯಾ ಬ್ಯಾಳಿ?"

"ಆ ಊರಿನ ನೀರಾಗ ಬ್ಯಾಳಿ ಬೇಯ್ತದೋ ಇಲ್ಲೋ, ಅದು ಬ್ಯಾಡೇನ್ರಿ? ದವಾಖಾನಿಗಿ ತಿಂಗಳಿಗೊಮ್ಮೆ ಹೋಗ್ತೀರಿ. ಬ್ಯಾಳಿ ದಿನಾ ಎರಡು ಸಲ ತಿಂತೀರಿ."

ಇದು ನಮ್ಮಜ್ಜಿಯ ಪಾಠ. ನನಗೆ ಬಂದಿರುವ ಮಾತೆಲ್ಲ ಆ ಮುದುಕಿಯ ಬಾಯಿಂದ ಉದುರಿದ್ದು, ನನ್ನ ಹೆಂಡತಿಗೆ ಬಂದಿರುವ ಶಾಸ್ತ್ರವೂ ಅಲ್ಲಿಂದಲೇ. ನಮ್ಮದು ಸುಣ್ಣಕಲ್ಲಿನ ನೆಲ. ಕೆಲವು ಬಾವಿಯ ನೀರು ನೋಡಲು ಗಾಜಿನಂತಿದ್ದರೂ ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ನಿಲ್ಲುತ್ತದೆ. ಸಂಬಂಧ ನೋಡಲು ಹೋದಾಗ ಅಜ್ಜಿ ಹುಡುಗನ ಸಂಬಳ ಕೇಳುತ್ತಿರಲಿಲ್ಲ, ಅಡುಗೆಮನೆಗೆ ನುಗ್ಗಿ ಸಾರಿನ ತಳ ಕಲಕಿ ನೋಡುತ್ತಿದ್ದಳು. "ಬ್ಯಾಳಿ ಕರಗದ ಊರಿಗಿ ಹೆಣ್ಣು ಕೊಟ್ರ ಅದರ ಹರೇ ಒಲಿ ಮುಂದೇ ಕರಗ್ತದ" ಅನ್ನುವುದು ಅವಳ ತೀರ್ಪು.

ಹೀಗಾಗಿ ಕರಾರಾಯಿತು. ಪ್ರತಿ ರವಿವಾರ ಒಂದು ಊರು. ಮನೆ, ದರ ಇಬ್ಬರೂ ನೋಡುವುದು. ಆ ಮನೆಯ ನೀರನ್ನು ಬಾಟ್ಲಿಯಲ್ಲಿ ತರುವುದು ನನ್ನ ಕೆಲಸ, ಬೇಯಿಸುವುದು ಅವಳ ಕೆಲಸ. ಬೇಳೆ ಮಾತ್ರ ಒಂದೇ: ಸೇಡಂ ಕಡೆಯ ಮುಧೋಳದಲ್ಲಿರುವ ಅವಳ ಅಣ್ಣನ ಹೊಲದ್ದು. ಅದೇ ಬೋಗುಣಿ, ಅದೇ ಉರಿ. ಕುಕ್ಕರ್ ಯಾಕೆ ಬೇಡ ಎಂದು ಕೇಳಿದ್ದಕ್ಕೆ, "ಕುಕ್ಕರ್‌ನಾಗ ಹಾಕಿದ್ರ ಫರ್ಸಿ ಕಲ್ಲೂ ಬೇಯ್ತಾವ. ಅದು ಪರೀಕ್ಷಾದಾಗ ಚೀಟಿ ಇಟ್ಟಂಗ" ಅಂದಳು.

ಮೊದಲು ಶಹಾಬಾದ್. ನನ್ನ ಜೊತೆ ಕೆಲಸ ಮಾಡಿ ನಿವೃತ್ತನಾದ ಒಬ್ಬ ಗೆಳೆಯ ಅಲ್ಲಿದ್ದ. ಅವನು ತೋರಿಸಿದ ಮನೆಯ ಗೋಡೆ ಕಲ್ಲು, ನೆಲ ಕಲ್ಲು, ಛಾವಣಿ ಕಲ್ಲು, ಅಡುಗೆಮನೆಯ ಕಟ್ಟೆ ಕಲ್ಲು. ದರ ಮಾತ್ರ ಹಗುರ. ಹಿಂದಿನ ಓಣಿಯಲ್ಲಿ ಕಲ್ಲು ಕೊಯ್ಯುವ ಮಷೀನು. ಗೆಳೆಯ ನಗುನಗುತ್ತ ಏನೋ ಹೇಳುತ್ತಿದ್ದ, ನಾವೂ ನಗುತ್ತಿದ್ದೆವು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಆ ನೀರಿನಲ್ಲಿ ಬೇಳೆ ಒಂದೂವರೆ ತಾಸು ಕುದಿಯಿತು. ಕಡೆಗೆ ಹೆಂಡತಿ ಒಂದು ಕಾಳನ್ನು ಗೋಡೆಗೆ ಎಸೆದಳು. ಟಕ್ ಅಂತ ಸದ್ದಾಯಿತು. ನೋಟ್‌ಬುಕ್ಕಿನಲ್ಲಿ ಶಹಾಬಾದಿನ ಮೇಲೆ ಗೆರೆ ಎಳೆದೆ.

ಎರಡನೆಯದು ಸೇಡಂ. ಬೇಳೆ ಪರವಾಗಿಲ್ಲ, ಮುಕ್ಕಾಲು ಬೆಂದಿತು. ಮನೆಯ ದರ ಕೇಳಿದ ಮೇಲೆ ನಮ್ಮ ಮುಖಗಳು ಪೂರ್ತಿ ಬೆಂದವು. ಸುತ್ತಮುತ್ತ ಸಿಮೆಂಟಿನ ಕೆಲಸ ಜೋರಾಗಿರುವುದರಿಂದ ಎರಡು ಖೋಲಿಯ ಮನೆಗೂ ಅರಮನೆಯ ಗತ್ತು. ದಲಾಲ ನಮ್ಮನ್ನು ನೋಡಿ, "ಅಣ್ಣಾರ, ಇನ್ನೂ ಸ್ವಲ್ಪ ಆಕಡಿ ಕುರಕುಂಟಾ ಹಳ್ಳ್ಯಾಗ ನೋಡ್ರಿ, ಇಲ್ಲಾ ಮತ್ತ ಲಾಟರಿ ತಗೋರಿ" ಅಂದ.

ಮೂರನೆಯದು ಚಿಂಚೋಳಿ. ಅಲ್ಲಿ ಗಾಳಿ ತಂಪು, ಬೇವಿನ ನೆರಳು, ದರ ನಮ್ಮ ಅಳತೆಯದು. ಮನೆಯವರು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುತ್ತಿದ್ದರು, ಆದರೂ ಎಲ್ಲ ತಿಳಿಯಿತು. ಬೇಳೆ ಬೆಣ್ಣೆಯಾಯಿತು. ನಾನು ಕುಣಿಯುವುದೊಂದು ಬಾಕಿ. ಹೆಂಡತಿ ಬೋಗುಣಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಲ್ಲಿ ರೈಲ್ ಇಲ್ರಿ."

"ಇಲ್ಲಂದ್ರ ಏನಾತು? ಬಸ್ ಅವಲ್ಲ."

"ಹೋದ ವರ್ಷ ಲಗ್ನಕ್ಕ ಹೋದಾಗ ಆ ಹಳ್ಳ್ಯಾಗ ರಾತ್ರಿಯೆಲ್ಲಾ ಎದ್ದು ಕುಂತಿದ್ರಿ. ಗಾಡಿ ಸಪ್ಪಳ ಇಲ್ಲಂದ್ರ ನಿಮಗ ನಿದ್ದಿ ಹತ್ತಂಗಿಲ್ಲ. ನಿಮಗ ನಿದ್ದಿ ಇಲ್ಲಂದ್ರ ನನಗ ಬಾಳೇ ಇಲ್ಲ. ಗಳಿಗಿಗೊಮ್ಮಿ ಎಬ್ಬಿಸಿ 'ಎಚ್ಚರ ಇದ್ದೀಯೇನು' ಅಂತೀರಿ."

ಸುಳ್ಳಲ್ಲ. ಚಿಂಚೋಳಿಯೂ ಹೋಯಿತು.

ಉಳಿದದ್ದು ಚಿತ್ತಾಪುರ. ಆ ರವಿವಾರ ಅವಳಿಗೆ ಮೊಣಕಾಲು ನೋವು, ನಾನೊಬ್ಬನೇ ಹೋದೆ. ಮನೆ ಒಬ್ಬ ನಿವೃತ್ತ ಮಾಸ್ತರರದು, ಅವರು ಅದೇ ಊರಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಇದನ್ನು ಖಾಲಿ ಮಾಡಿದ್ದರು. ಎರಡು ಖೋಲಿ, ಹಿತ್ತಲಲ್ಲಿ ಕರಿಬೇವು, ಬಾಗಿಲ ಮುಂದೆ ಕಟ್ಟೆ. ಅಲ್ಲಿ ಕುಳಿತರೆ ಗಾಡಿಯ ಕೂಗು ಹಿತವಾಗಿ, ದೂರದಿಂದ, ಪರಿಚಯದವರು ಮಾತಾಡಿಸಿದ ಹಾಗೆ ಕೇಳುತ್ತದೆ. ದರ ಕೇಳಿದೆ. ಮಾಸ್ತರರು ಹೇಳಿದ್ದು ನಮ್ಮ ಗಂಟಿಗೆ ಹೊಲಿಸಿದ ಅಂಗಿಯಂತಿತ್ತು. ನನ್ನ ಮನಸ್ಸು ಆ ಕಟ್ಟೆ ಬಿಟ್ಟು ಏಳಲಿಲ್ಲ. ಬಾಟ್ಲಿ ತುಂಬಿಸಿಕೊಂಡು ಹೊರಟೆ.

ಗಾಡಿ ತಡವಾಯಿತು. ಬಿಸಿಲು ನೆತ್ತಿಯ ಮೇಲಿತ್ತು. ಕಾಯುತ್ತ ಕಾಯುತ್ತ ಒಂದು ಗುಟುಕು, ಆಮೇಲೆ ಇನ್ನೊಂದು ಗುಟುಕು... ವಾಡಿಯಲ್ಲಿ ಇಳಿದಾಗ ಬಾಟ್ಲಿಯಲ್ಲಿ ಉಳಿದದ್ದು ಗಾಳಿ. ಮತ್ತೆ ಹೋಗಿ ಬರಲು ಗಾಡಿ ಇರಲಿಲ್ಲ. ನಮ್ಮ ಕ್ವಾರ್ಟರ್ಸಿನ ಅಂಗಳದ ನಲ್ಲಿ ಎದುರಿಗೇ ಇತ್ತು. ನಾನೇನು ಮಾಡಿದೆ ಎಂದು ಬರೆಯಲು ಈಗಲೂ ನಾಚಿಕೆ. ತುಂಬಿಸಿ, ಮುಚ್ಚಳ ಹಾಕಿ, ಒಳಗೆ ಕೊಟ್ಟೆ.

ಬೇಳೆ ಹೂವಿನಂತೆ ಅರಳಿತು.

"ಏನ್ ನೀರ್ರೀ ಇದು! ಥೇಟ್ ನಮ್ಮ ನಳದ ನೀರಿನ ಗತೆ ಅದ!" ಅವಳ ಮುಖ ನೋಡಬೇಕಿತ್ತು. "ಹಂಗಾರ ಚಿತ್ತಾಪುರನೇ. ದೇವರು ನಮಗಂತೇ ಇಟ್ಟಾನ ನೋಡ್ರಿ."

ಅಂದು ಸಂಜೆಯೇ ಹೇಳಬೇಕಿತ್ತು. ಅವಳು ಅಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ, ಮುಧೋಳಕ್ಕೆ ಫೋನ್ ಮಾಡಿ, ತುಳಸಿ ಗಿಡವನ್ನು ಹೊಸ ಡಬ್ಬಿಗೆ ಬದಲಿಸಿಯಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ. ಹಾಗೆ ಹನ್ನೆರಡು ನಾಳೆಗಳು ಹೋದವು. ಮುಂಗಡ ಹಣ ಕೊಟ್ಟು ಸಂಚಕಾರದ ಕಾಗದ ಬರೆಯುವ ದಿನವೂ ಬಂದಿತು. ಚೀಲದಲ್ಲಿ ಹೊಸ ಮನೆಯಲ್ಲಿ ಮೊದಲು ಇಡಬೇಕಾದ ಉಪ್ಪು, ಬೆಲ್ಲ, ತೊಗರಿಬೇಳೆ ತುಂಬಿಕೊಂಡು ಅವಳು ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತಳು. ವಾಡಿಯಿಂದ ಚಿತ್ತಾಪುರ ಎಷ್ಟು ದೂರ? ಒಂದು ಚಹಾ ಕುಡಿದು ಮುಗಿಯುವಷ್ಟು. ಅಷ್ಟರೊಳಗೆ ನನ್ನ ಬಾಯಿ ಬಿಡಬೇಕು. ಇಡೀ ಆಯುಷ್ಯ ಅಲ್ಲಿ ಒಲೆಯ ಮುಂದೆ ನಿಲ್ಲುವವಳು ಅವಳು, ನಾನಲ್ಲ.

ಸಿಗ್ನಲ್ ಕಂಡಾಗ ಹೇಳಿಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ಆಗಿದ್ದರೆ ಬದುಕುತ್ತಿದ್ದೆ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: "ಇಷ್ಟು ವರ್ಷ ನಾ ಹಾಕಿದ ಉಪ್ಪು ತಿಂದು, ನನಗೇ ನಮ್ಮ ನಳದ ನೀರು ಮಾರಿದ್ರಿ?"

ಪ್ಲಾಟ್‌ಫಾರ್ಮಿನಲ್ಲಿ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮೊಣಕಾಲು ನೋವು ಅಂದು ಎಲ್ಲಿಗೆ ಹೋಗಿತ್ತೋ. ಮಾಸ್ತರರ ಮನೆ ತಲುಪಿದವಳೇ, "ನಮಸ್ಕಾರ್ರೀ. ಕಾಗದ ಆಮ್ಯಾಲ. ಮೊದಲ ಒಂದು ಒಲಿ ಬೇಕು" ಅಂದಳು. ಮಾಸ್ತರರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಕರಿಬೇವಿನ ಗಿಡ ನೋಡಿದೆ.

ಒಲೆ ತಂದು ಕೊಟ್ಟವರು ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನನ್ನ ಹೆಂಡತಿಗಿಂತ ನಾಲ್ಕೈದು ವರ್ಷ ದೊಡ್ಡವರು, ಅದಕ್ಕೇ ಅವಳಿಗೆ ಆಪಾ, ಅಂದರೆ ಅಕ್ಕ. ಮಾಸ್ತರರ ಹಿತ್ತಲಿನ ಬೋರಿನಿಂದ ನೀರು ಹಿಡಿದು ಬೇಳೆ ಇಟ್ಟರು. ಕಟ್ಟೆಯ ಮೇಲೆ ನಾವಿಬ್ಬರು ಗಂಡಸರು, ನಡುವೆ ಬರೆಯದ ಕಾಗದ. ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು.

"ಈ ನೀರಾಗ ಬ್ಯಾಳಿ ಜಲ್ದಿ ಬೇಯಂಗಿಲ್ಲ ತಂಗೀ. ಕುಂದ್ರಿ ನೀವು. ಚಹಾ ಮಾಡ್ತೀನಿ."

"ಮತ್ತ ನೀವು ಹ್ಯಾಂಗ್ ಮಾಡ್ತೀರಿ ಆಪಾ?"

"ಆಚಿ ಓಣ್ಯಾಗ ಸಿಹಿನೀರಿನ ಬಾವಿ ಅದ. ಬ್ಯಾಳಿಗಂತ ದಿನಾ ಒಂದು ಕೊಡ ತರ್ತೀವಿ. ನಮ್ಮ ಮನಿಯವರು ಇದ್ದಾಗ ಅವರೇ ತರ್ತಿದ್ರು. ಈಗ ನನ್ನ ಕೈಲಿ ಆಗವಲ್ದು. ಕುಕ್ಕರ್ ಸೀಟಿ ಎಣಿಸಿಕೋತ ಕುಂದರ್ತೀನಿ."

ಅರ್ಧ ತಾಸಿಗೆ ಇನ್ನೊಬ್ಬಾಕೆ ಬಂದಳು, ಸೊಪ್ಪು ಸೋಸುತ್ತ ಕುಳಿತಳು. ಒಂದು ತಾಸಿಗೆ ಮತ್ತೊಬ್ಬಾಕೆ. ಬೇಳೆ ಬೇಯದೆ ಇದ್ದದ್ದಕ್ಕೇ ಮಾತು ಬೆಳೆಯಿತು: ಯಾರ ಮೊಣಕಾಲಿಗೆ ಯಾವ ಎಣ್ಣೆ, ಯಾರ ಸೊಸೆ ಹೇಗೆ, ಯಾವ ಅಂಗಡಿಯವ ತೂಕದಲ್ಲಿ ಬೆರಳಿಡುತ್ತಾನೆ. ನಡುನಡುವೆ ದೊಡ್ಡ ನಗು. ಒಂದೆರಡು ಸಲ ನಗು ನಿಂತು ಎಲ್ಲರೂ ಬಾಗಿಲಿನಿಂದ ನನ್ನತ್ತ ಇಣುಕಿದಾಗ, ಬಾಟ್ಲಿಯ ಕಥೆ ಚಿತ್ತಾಪುರ ಮುಟ್ಟಿತೆಂದು ತಿಳಿಯಿತು.

ಎರಡು ತಾಸಿನ ಮೇಲೆ ಹೆಂಡತಿ ಸೌಟು ಹಿಡಿದು ಹೊರಬಂದಳು. ನಾಲ್ಕು ಕಾಳು ತೆಗೆದು ಆರಿಸಿ ಮಾಸ್ತರರ ಅಂಗೈಯಲ್ಲಿ ಇಟ್ಟಳು.

"ಒತ್ತಿ ನೋಡ್ರಿ ಮಾಸ್ತರ."

ಮಾಸ್ತರರು ಒತ್ತಿದರು. ಕಾಳು ಜಾರಿ ನೆಲಕ್ಕೆ ಬಿದ್ದು ಪುಟಿಯಿತು.

"ಇಂಥಾ ನೀರಿನ ಮನಿಗಿ ನೀವು ಹೇಳಿದ ದರ ಹೆಚ್ಚಾತು. ಸ್ವಲ್ಪ ಇಳಸ್ರಿ."

ಮಾಸ್ತರರು ಒಳ್ಳೆಯವರು, ಮೇಲಾಗಿ ಮೂರು ಜನ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಇಳಿಸಿದರು. ನಾನು ನಂಬಲಾರದೆ ಹೆಂಡತಿಯನ್ನು ಪಕ್ಕಕ್ಕೆ ಕರೆದೆ.

"ಬ್ಯಾಳಿ ಬೇಯಲಿಲ್ಲಲ್ಲ. ಆದರೂ ಈ ಮನಿ ಬೇಕೇನು?"

"ಎರಡು ತಾಸು ಆ ಮಂದಿ ಜೋಡಿ ಕುಂತಿದ್ದೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ನೀರು ಹೊತ್ತು ತರಬಹುದು, ಇಂಥಾ ಮಂದಿನ ಹೊತ್ತು ತರಲಿಕ್ಕಿ ಆಗ್ತದೇನು?" ಅಂದಳು. ಆಮೇಲೆ ಸೌಟನ್ನು ನನ್ನ ಎದೆಯತ್ತ ತೋರಿಸಿ, "ಹೊರೋರು ಯಾರಂತ ಕೇಳಬ್ಯಾಡ್ರಿ ಮತ್ತ" ಅಂದಳು.

ಕೇಳಲಿಲ್ಲ. ನಾವು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಸೈಕಲ್ಲಿಗೆ ಕೊಡ ಕಟ್ಟಿ ಬಾವಿಗೆ ಹೊರಡುತ್ತೇನೆ. ಮೊದಲ ವಾರ ಒಂದೇ ಕೊಡ ಇತ್ತು. ಎರಡನೆಯ ವಾರ ಆಪಾ ಸಂಕೋಚಪಡುತ್ತ ತಮ್ಮದೊಂದನ್ನು ಕಟ್ಟೆಯ ಮೇಲಿಟ್ಟರು. ಈಗ ನಾಲ್ಕಾಗಿವೆ. ನಾಲ್ಕನೆಯದು ಮಾಸ್ತರರದು. ಅವರ ಹೊಸ ಮನೆಯಲ್ಲೂ ಬೇಳೆ ಬೇಯುವುದಿಲ್ಲವಂತೆ.