ಮೂವತ್ತೊಂದು ಹೆಂಗಸರು, ಮೂವತ್ತೆರಡು ಅಡಿಕೆ

ಕಾರ್ಗಲ್‌ನಲ್ಲಿ ನಾವಿದ್ದ ಕ್ವಾರ್ಟರ್ಸ್ ಸಾಲಿನ ತುದಿಗೆ ಒಂದು ಖಾಲಿ ಕೋಣೆಯಿತ್ತು. ಸಿಮೆಂಟ್ ಚೀಲ ಇಡಲು ಕಟ್ಟಿಸಿದ್ದು. ಚೀಲಗಳು ಬೇರೆ ಶೆಡ್ಡಿಗೆ ಹೋದ ಮೇಲೆ, ಹೆಂಗಸರು ಏನಾದರೂ ಮಾಡಿಕೊಳ್ಳಲಿ ಎಂದು ಆಫೀಸಿನವರು ಬೀಗದ ಕೈ ಕೊಟ್ಟುಬಿಟ್ಟರು. ಅರವತ್ತರ ದಶಕದ ಮೊದಲ ವರ್ಷಗಳು. ಹೊಳೆಗೆ ಅಣೆಕಟ್ಟು ಏಳುತ್ತಿತ್ತು. ನಾನು ತೀರ್ಥಹಳ್ಳಿ ಕಡೆಯ ಮೇಷ್ಟರ ಮಗಳು, ಮದುವೆಯಾಗಿ ಎರಡು ವರ್ಷ, ಸ್ಟೋರ್ಸ್ ಗುಮಾಸ್ತರ ಹೆಂಡತಿ. ಬಾಯಿ ಜೋರು ಎಂದು ಆಗಲೇ ಹೆಸರು ತೆಗೆದುಕೊಂಡಿದ್ದೆ. ಸುಳ್ಳೇನಲ್ಲ.

ಕೋಣೆ ಸಿಕ್ಕಿದ್ದೇ ತಡ, ಮಹಿಳಾ ಸಮಾಜ ಹುಟ್ಟಿತು. ಸಮಾಜ ಹುಟ್ಟಿದ್ದೇ ತಡ, ಎರಡು ಪಕ್ಷ ಹುಟ್ಟಿದವು. ಇಂಜಿನಿಯರ್ ಸಾಹೇಬರ ಹೆಂಡತಿ, ಮೈಸೂರಿನವರು, ಅಲ್ಲಿ ಭಜನೆ, ಹೊಲಿಗೆ, ವಾರಪತ್ರಿಕೆ ಓದುವುದು ನಡೆಯಲಿ ಎಂದರು. ಆಸ್ಪತ್ರೆಯ ನರ್ಸಮ್ಮ, ಕೇರಳದವರು, ಬಾಲವಾಡಿ ಆಗಲಿ ಎಂದರು. ಕಾಂಕ್ರೀಟ್ ಬುಟ್ಟಿ ಹೊರುವ ಹೆಂಗಸರ ಮಕ್ಕಳು ದಿನವಿಡೀ ಜಲ್ಲಿ ರಾಶಿಯ ಪಕ್ಕದಲ್ಲಿ, ಸೀರೆಯ ಜೋಲಿಯಲ್ಲಿ, ಧೂಳು ಕುಡಿಯುತ್ತಾ ಮಲಗಿರುತ್ತಿದ್ದವು. ಯಾರು ಅಧ್ಯಕ್ಷೆಯಾಗುತ್ತಾರೋ ಅವರ ಮಾತಿನಂತೆ ಕೋಣೆ ಎಂದು ಒಪ್ಪಂದವಾಯಿತು.

ಇದರಲ್ಲಿ ನಿಜವಾಗಿ ಎಲ್ಲರಿಗಿಂತ ಹೆಚ್ಚು ಗರಜು ಇದ್ದದ್ದು ವಾಚ್‌ಮನ್ನನ ಹೆಂಡತಿಗೆ. ತುಮರಿ ಕಡೆಯವಳು. ಅವರ ಊರು ನೀರಿಗೆ ಹೋಗುವುದಿತ್ತು. ಗಂಡ ಹೆಂಡತಿ ಮೊದಲೇ ಈಚೆ ಬಂದು, ಅವನು ಕಾವಲಿಗೆ, ಅವಳು ಬುಟ್ಟಿ ಹೊರಲು ಸೇರಿದ್ದರು. ಎರಡು ವರ್ಷದ ಮಗಳಿಗೆ ಧೂಳಿಗೆ ಕೆಮ್ಮು ಹತ್ತಿತ್ತು. ಮಗು ಆ ತುದಿಯಲ್ಲಿ ಕೆಮ್ಮಿದರೆ ಸಾಲಿನ ಈ ತುದಿಗೆ ಕೇಳುತ್ತಿತ್ತು. ಮಳೆಗಾಲ ಹಿಡಿಯುವುದರೊಳಗೆ ಅದನ್ನು ಒಂದು ಸೂರಿನಡಿ ಹಾಕದಿದ್ದರೆ ಕಷ್ಟ ಎಂದು ನರ್ಸಮ್ಮ ನನ್ನೆದುರೇ ಹೇಳಿದ್ದರು.

ಸರಿ, ಅಧ್ಯಕ್ಷೆಯನ್ನು ಆರಿಸುವುದು ಹೇಗೆ? ಅಬ್ಬಬ್ಬಾ, ಆ ಒಂದು ಪ್ರಶ್ನೆಗೆ ಮೂರು ಸಂಜೆ ಹೋದವು. ಸಾಹೇಬರ ಹೆಂಡತಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಆರಿಸೋದು ಏನಿದೆ? ದೊಡ್ಡ ಬಂಗಲೆಯೋರು ಆಗೋದು ವಾಡಿಕೆ ಅಲ್ವೇ?" ಎಂದರು. ಜಂಬದಿಂದ ಅಂದದ್ದಲ್ಲ, ಪಾಪ. ಅವರು ಕಂಡ ಕಡೆಯೆಲ್ಲ ಹಾಗೇ ನಡೆದಿತ್ತು. ನಮ್ಮೂರಿನ ಕ್ರಮ ಇನ್ನೊಂದು. ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಎಲೆ ಹಾಕುತ್ತಾ ತೀರ್ಮಾನ ಮಾಡುತ್ತಿದ್ದರು, ಯಾರೂ ಬಾಯಿ ಬಿಡದಿದ್ದರೆ ಒಪ್ಪಿಗೆಯೆಂದು ಲೆಕ್ಕ. ಹೆಂಗಸರು ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ. ನರ್ಸಮ್ಮನ ಊರಲ್ಲಿ ಬಾವಿ ತೋಡಿಸುವುದಕ್ಕೂ ಮೆರವಣಿಗೆ, ಬಾವುಟವಂತೆ. "ವೋಟು! ಗುಟ್ಟಿನ ವೋಟು! ಒಬ್ಬರಿಗೆ ಒಂದೇ!" ಎಂದು ಅವರು ಬೆರಳೆತ್ತಿದರು.

ವಾಚ್‌ಮನ್ನನ ಹೆಂಡತಿಯ ಜನ ಸಾಮಾನ್ಯರಲ್ಲ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತೆಂದು ಒಡೆಯರ ಅಂಗಳದಲ್ಲೇ ಸೆಟೆದು ನಿಂತವರು. ಇವಳು ಒಳ್ಳೇ ಜಗಳಗಂಟಿ ಮಾತು ಆಡುತ್ತಾಳೆಂದು ಕಾದೆ. "ಇಬ್ರೂ ಆಗ್ಲಿ ಅಮ್ಮಾ. ಒಬ್ರ ಮುಖ ಯಾಕೆ ಬಾಡ್ಬೇಕು?" ಎಂದಳು. ಎಲ್ಲರೂ ನಕ್ಕೆವು. ನಾನಂತೂ ಜೋರಾಗಿಯೇ ನಕ್ಕೆ.

ಕೊನೆಗೆ ಗುಟ್ಟಿನ ವೋಟೇ ಗೆದ್ದಿತು. ಅದಕ್ಕೆ ಗಂಟಲು ಹರಿದುಕೊಂಡವಳು ನಾನು. ಹಾಗಾಗಿ ನಡೆಸುವ ಹೊಣೆಯೂ ನನ್ನ ತಲೆಗೇ ಬಂತು. ಅರ್ಧ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ, ಚೀಟಿ ಬರೆಯುವಂತಿಲ್ಲ. ಅದಕ್ಕೆ ಅಡಿಕೆ. ಕೋಣೆಯ ಮೂಲೆಗೆ ನನ್ನ ಹಳೇ ಸೀರೆಯ ಪರದೆ ಕಟ್ಟಿದೆ. ಹಿಂದೆ ಸಾಹೇಬರ ಹೆಂಡತಿಯ ಹೆಸರಿಗೆ ಅವರ ಮನೆಯದೇ ಹಿತ್ತಾಳೆ ಚೊಂಬು, ನರ್ಸಮ್ಮನ ಹೆಸರಿಗೆ ಒಂದು ಮಣ್ಣಿನ ಗಡಿಗೆ. ಒಬ್ಬೊಬ್ಬರಿಗೆ ಒಂದೊಂದು ಅಡಿಕೆ ಕೊಟ್ಟು ಭಾಷಣ ಮಾಡಿದೆ: "ಯಾರಿಗೆ ಹಾಕಿದ್ದು ಅಂತ ಯಾರಿಗೂ ಹೇಳ್ಬಾರದು. ಗಂಡನಿಗೂ ಹೇಳ್ಬಾರದು. ತಿಳೀತಾ?" ಗಂಡನಿಗೂ ಹೇಳಬಾರದ ಒಂದು ಸಂಗತಿ ಸಿಕ್ಕಿತೆಂದು ಎಷ್ಟೋ ಜನಕ್ಕೆ ಅದೇ ಒಂದು ಖುಷಿ. ಹಾಕುವುದು ಹೇಗೆಂದು ತೋರಿಸಲು ಮೊದಲು ನಾನೇ ಒಳಗೆ ಹೋದೆ. ನನ್ನ ಹಿಂದೆಯೇ ವಾಚ್‌ಮನ್ನನ ಹೆಂಡತಿ, ಮಗುವನ್ನು ಸೊಂಟಕ್ಕೆ ಹಾಕಿಕೊಂಡು.

ಎಲ್ಲ ಮುಗಿದು ಎಣಿಸಿದೆ. ಚೊಂಬಿನಲ್ಲಿ ಹದಿನಾರು, ಗಡಿಗೆಯಲ್ಲಿ ಹದಿನಾರು. ಇನ್ನೊಂದು ಸಲ ಎಣಿಸಿದೆ. ಇದ್ದವರು ಮೂವತ್ತೊಂದು ಹೆಂಗಸರು, ಅಡಿಕೆ ಮೂವತ್ತೆರಡು!

"ಮೋಸ!" ಎಂದು ಯಾರೋ ಕೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೆ ಈ ಮರ್ಯಾದೆಯೇ? ಆಗ ವಾಚ್‌ಮನ್ನನ ಹೆಂಡತಿ ಅಳುಕಿಲ್ಲದೆ ಎದ್ದು ನಿಂತಳು.

"ಹೆಚ್ಚಿಂದು ನಂದು ಅಮ್ಮಾ. ಎರಡಕ್ಕೂ ಹಾಕ್ದೆ. ಒಂದು ನೀವು ಕೊಟ್ಟಿದ್ದು, ಒಂದು ನನ್ನ ಸಂಚೀದು." ಸೊಂಟದ ಎಲೆಯಡಿಕೆ ಸಂಚಿಯನ್ನು ತೋರಿಸಿಯೂ ಬಿಟ್ಟಳು.

"ನಿಂಗೆ ಎಂತ ಹುಚ್ಚಾ ಮಾರಾಯ್ತಿ? ಒಬ್ಬರಿಗೆ ಒಂದು ಅಂತ ಬಡ್ಕೊಂಡೆ ಅಲ್ವಾ ನಾನು?"

"ಕೇಳ್ಕೊಂಡು ಬಂದೋರ ಪಾತ್ರೆ ಬರಿದು ಬಿಡದು ಹೆಂಗೆ? ಕೊಳಗದ ಜಗಳದಲ್ಲೂ ನಾವು ಒಡೆಯರ ಮನೇರಿಗೆ ನೀರು ಬೆಲ್ಲ ಇಲ್ಲ ಅನ್ಲಿಲ್ಲ. ನಾಳೆ ಇದೇ ಸಾಲಲ್ಲಿ ಬಾಳ್ಬೇಕಲ್ಲ."

"ಬಾಳುವುದು ಆಮೇಲೆ. ಇದು ವೋಟು. ಹೋಗು, ಒಂದು ವಾಪಸ್ ತೆಗಿ," ಎಂದು ಗದರಿದೆ. ಇಷ್ಟು ಹೊತ್ತಿಗೆ ಚೊಂಬು, ಗಡಿಗೆ ಎರಡೂ ಎಲ್ಲರ ಎದುರಿಗಿದ್ದವು. ಅವಳು ಯಾವುದರಿಂದ ತೆಗೆಯುತ್ತಾಳೋ ಅವರು ಸೋತರು. ಸೊಂಟದ ಮೇಲಿನ ಮಗು ಕೆಮ್ಮಿತು. ಇನ್ನೇನು, ಬಾಲವಾಡಿ ಆಯಿತೆಂದು ನಾನು ಮನಸ್ಸಿನಲ್ಲೇ ಸುಣ್ಣ ಬಳಿಸತೊಡಗಿದೆ.

ಅವಳು ಕೈ ಹಾಕಿದ್ದು ಗಡಿಗೆಗೆ. ನರ್ಸಮ್ಮನ ಅಡಿಕೆಯನ್ನೇ ತೆಗೆದಳು.

"ಅಯ್ಯೋ ನಿನ್ನ!" ಎಂದೆ. "ಮಗು ಮುಖ ನೋಡಿಯಾದ್ರೂ..."

"ನರ್ಸಮ್ಮ ನಮ್ಮೋರು, ಬೇಜಾರು ಮಾಡ್ಕಳಲ್ಲ," ಎಂದಳು. "ಸಾಹೇಬ್ರ ಮನೇರು ಹೊರಗಿನೋರು. ಕೊಟ್ಟಿದ್ದು ಅವ್ರತ್ರ ಕಿತ್ಕಳಕ್ಕೆ ಆಗಲ್ಲ ಅಮ್ಮಾ." ತೆಗೆದ ಅಡಿಕೆಯನ್ನು ಸಂಚಿಗೆ ಹಾಕಿಕೊಂಡು ಮಗುವಿನ ಬೆನ್ನು ನೀವಿದಳು.

ಹದಿನಾರಕ್ಕೆ ಹದಿನೈದು. ಸಾಹೇಬರ ಹೆಂಡತಿ ಅಧ್ಯಕ್ಷೆಯಾದರು. ಮನೆಗೆ ಹೋಗುವವರೆಗೂ ನಾನು ಅವಳನ್ನು ಬೈಯುತ್ತಲೇ ಹೋದೆ. ಪೆದ್ದಿ, ಕಾಲದ ಅರಿವಿಲ್ಲದವಳು, ಇಂಥವರಿಗೆ ವೋಟು ಕೊಟ್ಟರೆ ದೇಶ ಉದ್ಧಾರವಾದಂತೆಯೇ ಎಂದೆಲ್ಲ. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಒಂದು ವಿಷಯ ಇಷ್ಟು ಹೊತ್ತೂ ಹೇಳಿಲ್ಲ. ಪರದೆಯ ಹಿಂದೆ ನಾನು ನನ್ನ ಅಡಿಕೆ ಹಾಕಿದ್ದು ಚೊಂಬಿಗೆ. ನನ್ನವರನ್ನು ಕಾಯಂ ಮಾಡುವ ಕಾಗದ ಆಗ ಸಾಹೇಬರ ಮೇಜಿನ ಮೇಲಿತ್ತು. ಗುಟ್ಟು ಗುಟ್ಟೆಂದು ಊರಿಗೆಲ್ಲ ಸಾರಿದವಳಿಗೆ ಒಳಗೆ ಹೋದ ಕೂಡಲೇ ಪುಕಪುಕ. ಯಾರಿಗೆ ಗೊತ್ತು, ಹೇಗೋ ತಿಳಿದರೆ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಅವಳು ಎರಡು ಹಾಕಿ ಒಂದು ತೆಗೆದದ್ದೆಲ್ಲ ಇರಲಿ, ನಾನು ಬಾಯಲ್ಲಿ ಹೇಳಿದಂತೆ ಕೈಯಲ್ಲಿ ಮಾಡಿದ್ದರೆ ಬಾಲವಾಡಿಯೇ ಗೆಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ಮಗು, ನಮ್ಮ ಮನೆ ಮುಂದೆ ಹೋಗುತ್ತಿದ್ದಳು. "ಕಾಫಿ ಆಯ್ತಾ ಅಮ್ಮಾ?" ಎಂದು ಎಂದಿನಂತೆ ನಕ್ಕಳು. ನನಗೆ ತಡೆಯಲಾಗಲಿಲ್ಲ. "ಮಗೂನ ಇಲ್ಲಿ ಬಿಟ್ಟು ಹೋಗು!" ಎಂದೆ, ಜಗಳ ಮಾಡುವವಳ ಹಾಗೆ. ಅವಳು ಬಿಟ್ಟುಹೋದಳು. ಆ ವಾರ ಇನ್ನೆರಡು ಮಕ್ಕಳು ಬಂದವು. ಮಳೆ ಹಿಡಿಯುವ ಹೊತ್ತಿಗೆ ನಮ್ಮ ಜಗಲಿಯಲ್ಲಿ ಹನ್ನೊಂದು. ಒಂದು ಅಡಿಕೆಗೆ ಹನ್ನೊಂದು ಮೂಗು ಒರೆಸುವ ಶಿಕ್ಷೆ. ನನ್ನವರು ಮನೆಯೊಳಗೆ ಬರಬೇಕಾದರೆ ಮಕ್ಕಳನ್ನು ದಾಟಿಕೊಂಡು, ಗೊಣಗಿಕೊಂಡು ಬರುತ್ತಿದ್ದರು. ಸಾಹೇಬರ ಹೆಂಡತಿ ಭಜನೆ ಮುಗಿಸಿ ಹೋಗುವಾಗ ಕಲ್ಲುಸಕ್ಕರೆ ಹಂಚುತ್ತಿದ್ದರು. ಕಾಯಂ ಕಾಗದವೂ ಬಂತು. ಸಾಹೇಬರಿಗೆ ಅಡಿಕೆಯ ಸುದ್ದಿಯೇ ಗೊತ್ತಿರಲಿಲ್ಲ. ಮಗುವಿನ ಕೆಮ್ಮು ಇಳಿಯಿತು. ಜನ ನನ್ನನ್ನು ದೊಡ್ಡ ಮನಸ್ಸಿನವಳು ಎನ್ನತೊಡಗಿದರು.

ಒಂದು ಮಧ್ಯಾಹ್ನ ಮಳೆಗೆ ಕೆಲಸ ನಿಂತು ವಾಚ್‌ಮನ್ನನ ಹೆಂಡತಿ ಬೇಗ ಬಂದಳು. ನರ್ಸಮ್ಮ ಆಗಷ್ಟೇ ನನ್ನನ್ನು ಹೊಗಳಿ ಹೋಗಿದ್ದರು. ಆ ಹೊಗಳಿಕೆ ನುಂಗಲಾಗದೆ ಕೂತಿದ್ದೆ.

"ಒಂದು ಮಾತು ಹೇಳ್ಬೇಕು ಮಾರಾಯ್ತಿ. ಅವತ್ತು ನನ್ನ ಅಡಿಕೆ..."

"ಚೊಂಬಿಗೆ ಬಿತ್ತು," ಎಂದಳು ಅವಳು, ಮಗಳ ತಲೆ ಒರೆಸುತ್ತಾ. "ನಿಮ್ಮ ಹಿಂದೇ ನಿಂತಿದ್ನಲ್ಲ. ಮಣ್ಣಿನ ಗಡಿಗೆ ಠಣ್ ಅಂತದಾ?"

ನನಗೆ ಕಿವಿಯವರೆಗೂ ಬಿಸಿಯಾಯಿತು. "ಗೊತ್ತಿದ್ದೂ ಅಷ್ಟು ಬೈಸ್ಕೊಂಡೆಯಾ? ಅಷ್ಟು ಜನರ ಎದುರು ಒಂದು ಮಾತು ಅನ್ಬಾರದಿತ್ತಾ?"

ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

"ಯಾರಿಗೂ ಹೇಳ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಅಮ್ಮಾ. ನಾನು ಗಂಡಂಗೂ ಹೇಳ್ಲಿಲ್ಲ."