ಮಾವ ಹಿಡಿಯುತ್ತಿದ್ದ ಹಗ್ಗ

ನಮ್ಮ ಬೆಟ್ಟಕ್ಕೆ ಹೋಗಲು ಮೊನ್ನೆ ನಾನೂ ಸೋದರಮಾವನೂ ಟಿಕೆಟ್ ತೆಗೆದುಕೊಂಡೆವು. ಬೆಟ್ಟಕ್ಕೆ ಟಿಕೆಟ್ಟಿನ ಗೇಟು ಬರುವ ಮೊದಲು ಮಾವನ ಗುಡಿಸಲು ಅಲ್ಲೇ ಒಳಗಿತ್ತು. ಈಗ ಅಲ್ಲಿ ನಮ್ಮ ಜನರ ಹೆಸರಲ್ಲಿ ‘ಇರುಳಿಗರ ಪರಂಪರೆ’ ಎಂಬ ಬೋರ್ಡು, ಅದರ ಕೆಳಗೆ ನೇತುಹಾಕಿದ ಬಳ್ಳಿಯ ಹಗ್ಗ. “ಅಣ್ಣ ಜೇನಿಗೆ ಇಳೀತಿದ್ದ, ತಮ್ಮ ಹಗ್ಗ ಹಿಡೀತಿದ್ದ” ಎಂದ ಗೈಡ್. ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಬಂಡೆಯಿಂದ ಹೆಜ್ಜೇನಿಗೆ ಇಳಿಯುವಾಗ ದಾಯಾದಿಯ ಕೈ ಸಡಿಲಾದೀತು ಎಂದು ತನ್ನ ಒಡಹುಟ್ಟಿದವರನ್ನು ಹಗ್ಗದ ಹತ್ತಿರವೂ ಸೇರಿಸುತ್ತಿರಲಿಲ್ಲ. ಹಿಡಿಯುತ್ತಿದ್ದವನು ಇದೇ ಮಾವ, ಅವ್ವನ ತಮ್ಮ. ಅಕ್ಕನ ಬಾಳು ಆ ಹಗ್ಗದಲ್ಲಿ ತೂಗುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಒಂದೊಂದು ಗಂಟನ್ನೂ ಹಲ್ಲಿನಿಂದ ಕಚ್ಚಿ ಎಳೆದು ನೋಡುತ್ತಿದ್ದ. ಹಸಿಸೊಪ್ಪಿನ ಹೊಗೆಗೆ ಕಣ್ಣೀರು ಸುರಿದರೂ ಒರೆಸಿಕೊಳ್ಳಲು ಕೈ ಬಿಡುತ್ತಿರಲಿಲ್ಲ. ಅಪ್ಪ ಮೇಲೆ ಬರುವವರೆಗೆ ಅವ್ವ ಒಲೆ ಹಚ್ಚುತ್ತಿರಲಿಲ್ಲ.

ಇದನ್ನೆಲ್ಲ ಗೈಡಿಗೆ ಹೇಳಿದೆ.

“ಬೋರ್ಡಲ್ಲಿ ಹಂಗೇ ಐತೆ ಕಣಕ್ಕ. ಅಜ್ಜ, ಹಗ್ಗ ಮುಟ್ಬ್ಯಾಡ” ಎಂದ.

ಮಾವ ಆಗಲೇ ಅದರ ಸಡಿಲ ಗಂಟು ಮುಟ್ಟಿ ನೋಡಿ ಕೈ ಬಿಟ್ಟಿದ್ದ. “ನಿಂಗೆ ಅಕ್ಕ ಅವ್ಳೇನ್ಲಾ?” ಎಂದು ಗೈಡನ್ನು ಕೇಳಿದ.

“ಅವ್ಳೆ.”

“ಅವ್ಳ ಗಂಡನ್ನ ಮಾತ್ರ ಇದ್ರಲ್ಲಿ ಇಳಿಸ್ಬ್ಯಾಡ.”