ಅವ್ವೆಯ ಬಿಳಿ ಮುಂಡು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ನಮ್ಮ ತಾಯಿ ಉಟ್ಟು ಬಿಟ್ಟುಹೋದ ಬಿಳಿ ಮುಂಡನ್ನು ಅಕ್ಕನ ಪೆಟ್ಟಿಗೆಯಿಂದ ಕದ್ದವನು ನಾನು, ಇಲಿಯಲ್ಲ.

ಕೋತಗಿರಿಯ ಕೆಳಗಿನ ನಮ್ಮ ಹಟ್ಟಿಯಲ್ಲಿ ನನ್ನ ಕೆಲಸ ಎಲ್ಲರಿಗೂ ತಮಾಷೆ. ಹಳೆಯ ಬಟ್ಟೆಗಳನ್ನು ಚಹಾ ಎಲೆ, ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಕುದಿಸಿ, ಕ್ಯಾನ್ವಾಸ್ ತುಂಡುಗಳ ಜೊತೆ ಹೊಲಿದು ಚಿತ್ರ ಮಾಡುತ್ತೇನೆ. ಅವುಗಳಲ್ಲಿ ಮನುಷ್ಯರಿಲ್ಲ, ಮರವಿಲ್ಲ — ಬಣ್ಣ, ಹೊಲಿಗೆ, ಅಷ್ಟೇ. ಗಂಡ ತೀರಿದ ಮೇಲೆ ನನ್ನ ಜೊತೆಗೇ ಇದ್ದ ಅಕ್ಕ ನಗುತ್ತಿದ್ದಳು: "ಹರುಕು ಹೊಲಿದದ್ದ ನೋಡೋಕೆ ಊಟಿಂದ ಜನ ಬರ್ತಾರಾ ತಮ್ಮಾ? ಹಂಗಾದ್ರೆ ನನ್ನ ಹಳೆ ರವಿಕೇನೂ ಗೋಡೆಗೆ ಹೊಡಿ!"

ಹೊಸ ಬಟ್ಟೆ ಚಹಾದ ಬಣ್ಣವನ್ನು ಮೇಲೆ ಮೇಲೆ ಹಿಡಿಯುತ್ತದೆ. ವರ್ಷಗಟ್ಟಲೆ ಒಗೆದ ಹತ್ತಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಮುಂಡು ಅಂಥದ್ದು. ಅದನ್ನು ಅಕ್ಕ ಏಕೆ ಎತ್ತಿಟ್ಟಿದ್ದಾಳೆ ಎಂಬುದೂ ನನಗೆ ಗೊತ್ತಿತ್ತು. "ನಾ ಹೋಗುವಾಗ ಅವ್ವೆ ಮುಂಡು ಹೊದಿಸಿ" ಎಂದು ಎಷ್ಟೋ ಸಲ ಹೇಳಿದ್ದಳು. ಅವಳು ಎಲೆ ಕೀಳಲು ತೋಟಕ್ಕೆ ಹೋಗಿದ್ದಾಗ ತೆಗೆದೆ. ಅಂಚಿನಲ್ಲಿ ಒಂದಿಷ್ಟು ಸಾಕು ಎಂದುಕೊಂಡಿದ್ದೆ. ಕತ್ತರಿ ಹಿಡಿದ ಮೇಲೆ ಇಡೀ ಮುಂಡೇ ತುಂಡುತುಂಡಾಯಿತು. ತುಕ್ಕು ಮೊಳೆ ಹಾಕಿದ ಚಹಾ ನೀರಿನಿಂದ ಅದು ಮಳೆಮೋಡದ ಬಣ್ಣದಲ್ಲಿ ಎದ್ದು ಬಂತು. ನನಗೆ ಸಂತೋಷವಾಯಿತು — ಅದನ್ನೂ ಒಪ್ಪಿಕೊಳ್ಳಬೇಕು.

ಖಾಲಿ ಪೆಟ್ಟಿಗೆಯ ಮುಂದೆ ಅವಳು ಅಳುತ್ತಾ ಕೂತಾಗ, "ಇಲಿ ಕಡಿದಿತ್ತು ಅಕ್ಕ, ಬಿಸಾಕಿಬಿಟ್ಟೆ" ಎಂದೆ. ಮುಚ್ಚಳ ಸರಿಯಾಗಿ ಹಾಕಲಿಲ್ಲವೆಂದು ಅವಳು ತನ್ನನ್ನೇ ಬೈದುಕೊಂಡಳು.

ಆ ಮುಂಡಿನ ತುಂಡುಗಳನ್ನು ಹೊಲಿದ ಚಿತ್ರ ಊಟಿಯ ಪ್ರದರ್ಶನಕ್ಕೆ ಹೋಗಿ, ಮರಳಿ ನಮ್ಮ ಮನೆಯ ಗೋಡೆಗೇ ಬಂತು. ಒಂದು ದಿನ ಅಕ್ಕ ಅದರ ಮುಂದೆ ನಿಂತು, ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೇಳಿದಳು: "ಇದ್ರಲ್ಲಿ ಏನಿದೆ ತಮ್ಮಾ?"

"ಏನೂ ಇಲ್ಲೆ ಅಕ್ಕ. ಬರೀ ಬಣ್ಣ."

ನನ್ನಂಥ ಚಿತ್ರ ಮಾಡುವವನಿಗೆ ಅಷ್ಟು ಹೇಳಿ ತಪ್ಪಿಸಿಕೊಳ್ಳುವುದು ಸುಲಭ.

ಅವಳು ತೀರಿದ ದಿನ ಹೆಂಗಸರು ಅವ್ವೆಯ ಮುಂಡು ಎಲ್ಲಿ ಎಂದು ಹುಡುಕಿದರು. "ಇಲಿ ತಿಂತಂತೆ, ಮಾವಾನೇ ನೋಡಿದ್ರು" ಎಂದಳು ಅಕ್ಕನ ಮಗಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಚಿತ್ರ ಪಕ್ಕದ ಕೋಣೆಯಲ್ಲೇ ಇತ್ತು — ಹೊಲಿಗೆ ಬಿಚ್ಚಿದ್ದರೆ ಒಂದು ತುಂಡಾದರೂ ಅವಳ ಎದೆಯ ಮೇಲೆ... ಅಂಗಡಿಯಿಂದ ತಂದ ಬಟ್ಟೆ ಹೊದಿಸಿ ಕಳಿಸಿದೆವು. ಅದರ ಗಂಜಿಯ ವಾಸನೆಯೂ ಹೋಗಿರಲಿಲ್ಲ.

ಅಕ್ಕ ಇದ್ದಾಗ ತೋಟದಿಂದ ಬಂದು ನನ್ನ ಬಣ್ಣದ ಪಾತ್ರೆ ಕುದಿಯುವ ಒಲೆಗೆ ಕೈ ಕಾಯಿಸಿಕೊಳ್ಳುತ್ತಿದ್ದಳು. ಈಗಲೂ ಒಲೆಯ ಆ ಪಕ್ಕ ಜಾಗ ಬಿಟ್ಟೇ ಕೂರುತ್ತೇನೆ. ಬಾಗಿಲು ಅಲುಗಿದರೆ ಸಾಕು, ತಲೆ ಎತ್ತುತ್ತೇನೆ — ಗಾಳಿ.

ನಾಳೆ ಅಕ್ಕನ ಮಗಳು ಬರುತ್ತಾಳೆ. ಚಿತ್ರವನ್ನು ಅವಳ ಮುಂದಿಟ್ಟು ಎಲ್ಲ ಹೇಳುತ್ತೇನೆ. ಬಿಚ್ಚುವುದೋ, ಸುಡುವುದೋ, ನನ್ನ ಮುಖ ನೋಡದೆ ಎದ್ದು ಹೋಗುವುದೋ — ಅವಳಿಗೆ ಬಿಟ್ಟದ್ದು. ಆದರೆ ಇದನ್ನು ಕೇಳಬೇಕಾಗಿದ್ದವಳು ಅವಳಲ್ಲ. ಒಂದೇ ಸೂರಿನಡಿ ಅಷ್ಟು ವರ್ಷ ಇದ್ದೂ ನಾನು ಒಮ್ಮೆಯೂ ಕ್ಷಮೆ ಕೇಳದೆ ಉಳಿದದ್ದು ನನ್ನ ಅಕ್ಕನಲ್ಲಿ — ಮಾದಿಯಲ್ಲಿ.